ಕೊಡದೆ ಕಳಿಸಿದ್ದು

ಅರಸೀಕೆರೆ ಸ್ಟೇಷನ್ನಿನ ಎದುರು
ನಾನು ಹದಿನಾಲ್ಕು ವರ್ಷದ ಸಪ್ಲೈಯರ್.
ಅಳತೆ ಕಪ್ಪು ನನ್ನ ಕೈಲಿ ಸುಳ್ಳು ಹೇಳಿಲ್ಲ,
ಮೂವತ್ತಕ್ಕೆ ಮೂವತ್ತು, ಅರವತ್ತಕ್ಕೆ ಅರವತ್ತು.
ಅಮಲಿಗೆ ಮಾತ್ರ ಕಪ್ಪು ಕೊಟ್ಟಿರಲಿಲ್ಲ ಯಾರೂ.

ಕ್ಯಾಷಿಯರ್ ಬೆನ್ನಿಗೆ, ಲಕ್ಷ್ಮಿ ಕ್ಯಾಲೆಂಡರಿನ ಮರೆಗೆ
ಕಟ್ಟು ಹಾಕಿ ತೂಗಿಬಿಟ್ಟ ನಿಬಂಧನೆಗಳು.
ಏಳನೆಯದು: ಅಮಲೇರಿದವರಿಗೆ ಮದ್ಯ ಕೊಡತಕ್ಕದ್ದಲ್ಲ.
ಊದುಬತ್ತಿ ಹೊಗೆಗೆ ಕೊನೆಯ 'ಲ್ಲ' ಮಸಿಯಾಗಿ
'ಕೊಡತಕ್ಕದ್ದ' ತನಕ ಓದಬಹುದಿತ್ತು.

ನನಗೆ ಗೊತ್ತಾಗುತ್ತದೆ.
ಚಿಲ್ಲರೆ ಎರಡು ಸಲ ಎಣಿಸುತ್ತಾರೆ.
ಉಪ್ಪಿನಕಾಯಿ ತಟ್ಟೆಯನ್ನು ಮೇಜಿನ ಅಂಚಿಗೆ ಸರಿಸಿ ಸರಿಸಿ
ಬೀಳುವ ಮೊದಲು ಹಿಡಿದು, ಗೆದ್ದವರಂತೆ ನಗುತ್ತಾರೆ.
ನನ್ನ ಹೆಸರು ಕೇಳುತ್ತಾರೆ, ದಿನಾ ಕಾಣುವವರು.
ಆಮೇಲೆ, 'ಅಣ್ಣಾ, ಇನ್ನೊಂದು.'

ಕೊಟ್ಟಿದ್ದೇನೆ.
ಹತ್ತು ರೂಪಾಯಿ ಟಿಪ್ಸಿಗೆ ಕೊಟ್ಟಿದ್ದೇನೆ,
ಮಾಲೀಕನ ಹುಬ್ಬಿಗೆ ಹೆದರಿ ಕೊಟ್ಟಿದ್ದೇನೆ,
ಸುಮ್ಮನೆ, ಬೇಗ ಎದ್ದು ಹೋಗಲಿ ಅಂತಲೂ.

ಓಂಕಾರಪ್ಪನಿಗೂ ಕೊಟ್ಟೆ.
ಕೊಬ್ಬರಿ ಮಂಡಿಯ ತೂಕದವನು,
ಕಾಟಾದ ಮುಳ್ಳು ನಿಲ್ಲುವ ತನಕ ಉಸಿರು ಬಿಡದವನು.
ಆ ಸೋಮವಾರ ಏಳನೇ ಪೆಗ್ಗಿಗೆ
ಬೈಕಿನ ಕೀಯನ್ನು ಲೋಟಕ್ಕೆ ಹಾಕಿ ಕಲಕಿದ.
ನಾನೇ ತೆಗೆದು, ಒರೆಸಿ, ಕೈಗಿಟ್ಟೆ.
ಒರೆಸಿದ್ದು ನೆನಪಿದೆ. ಆ ಬಟ್ಟೆಯ ಕೆಂಪು ಅಂಚು ನೆನಪಿದೆ.

ಬದುಕಿದ.
ಮಂಡಿಯಲ್ಲಿ ಈಗ ಬೇರೆಯವರು ತೂಗುತ್ತಾರೆ,
ಅವನು ಚೀಲ ಎಣಿಸುತ್ತಾನೆ, ಉಳಿದ ಒಂದು ಕಣ್ಣಲ್ಲಿ.
ಕೇಸಿನ ಕಾಗದದಲ್ಲಿ ಅವನ ಹೆಸರಿತ್ತು, ಬೈಕಿನ ನಂಬರಿತ್ತು.
ಲೋಟ ತುಂಬಿದವನ ಹೆಸರಿಗೆ ಜಾಗ ಇರಲಿಲ್ಲ.

ಆಮೇಲೆ ಬಂದರು ಅಬಕಾರಿಯ ರುಕ್ಮಿಣಿಬಾಯಿ ಮೇಡಮ್ಮು,
ಕಡೂರು ಕಡೆಯ ತಾಂಡಾದವರು.
ಹಿಂದಿನ ಸಾಹೇಬರ ಹಾಗೆ ಒಳಕೋಣೆಗೆ ಹೋಗಲಿಲ್ಲ,
ಟೀ ತಣ್ಣಗಾಯಿತು.
ಕ್ಯಾಲೆಂಡರ್ ಎತ್ತಿ ಏಳನೆಯದನ್ನು ಗಟ್ಟಿಯಾಗಿ ಓದಿದರು,
ಅಳಿಸಿದ 'ಲ್ಲ' ಸೇರಿಸಿ.

ದಿನವಹಿ ಪುಸ್ತಕ ತರಿಸಿದರು.
ಬಂದದ್ದು, ಹೋದದ್ದು, ಉಳಿದದ್ದು, ಒಡೆದದ್ದು, ಹಣ.
ಸ್ಕೇಲು ಕೇಳಿದರು. ಇರಲಿಲ್ಲ.
ಮೆನು ಕಾರ್ಡಿನ ಅಂಚು ಹಿಡಿದು ಆರನೆಯ ಗೀಟು ಎಳೆದು
ನೆತ್ತಿಯ ಮೇಲೆ ಬರೆದರು: ಕೊಡದೆ ಕಳಿಸಿದ್ದು.
'ಇದನ್ನು ನೀನು ತುಂಬಬೇಕು' ಅಂದರು,
ಮಾಲೀಕನಿಗಲ್ಲ, ನನಗೆ.

ಮಾಲೀಕ ನಕ್ಕ. 'ಮಾರಿದ್ದಕ್ಕೆ ಲೆಕ್ಕ ಇರುತ್ತೆ ಮೇಡಮ್,
ಮಾರದೇ ಇದ್ದದ್ದಕ್ಕೆ ಎಂಥ ಲೆಕ್ಕ?'
'ಇರುತ್ತೆ. ನಮ್ಮ ತಾಂಡಾದ ಹೆಂಗಸರನ್ನು ಕೇಳಿ.'

ಮೊದಲ ರಾತ್ರಿ ಸೊನ್ನೆ. ನಾಲಿಗೆಯೇ ಏಳಲಿಲ್ಲ.
ಮರುದಿನ ಒಂದು.
ಅವ್ವನ ಹೆಸರು ಹಿಡಿದು ಬೈಸಿಕೊಂಡೆ,
ಒಬ್ಬ ಕಾಲರ್ ಹರಿದ, ಒಬ್ಬ ಅತ್ತ,
ಇನ್ನೊಬ್ಬ ಎದುರಿನ ಎಂಆರ್‌ಪಿ ಅಂಗಡಿಗೆ ದಾಟಿ
ಅರ್ಧ ಇಳಿದ ಶಟರಿನಡಿ ಕೈ ಚಾಚಿ
ತೊಂಬತ್ತರ ಪ್ಯಾಕೆಟ್ಟು ಎತ್ತಿ ತೋರಿಸಿ ಹೋದ.
ಅವನನ್ನೂ ಬರೆದೆ.
ನನ್ನ ಗೀಟು ರಸ್ತೆ ದಾಟುವುದಿಲ್ಲ.

ಎಂಟು ತಿಂಗಳಿಗೆ ಮೇಡಮ್ಮಿಗೆ ವರ್ಗ.
ಹೊಸ ಪುಸ್ತಕ ಬಂತು, ಅಚ್ಚಾದದ್ದು,
ಐದೇ ಕಾಲಂ.
ಗೀಟು ಎಳೆದೆನೋ ಇಲ್ಲವೋ ಕೇಳಬೇಡಿ,
ಕೆಲವು ರಾತ್ರಿ ಎಳೆದಿದ್ದೇನೆ.

ಮೊನ್ನೆ ಓಂಕಾರಪ್ಪ ಬಂದ.
ಅದೇ ಮೇಜು. ನಡೆದೇ ಬಂದಿದ್ದ.
'ಒಂದು ಮೂವತ್ತು' ಅಂದ.
ಮೊದಲನೆಯದು. ಅಮಲಿಲ್ಲ. ಯಾವ ನಿಬಂಧನೆಯೂ ಬೇಡ ಅನ್ನುವುದಿಲ್ಲ.
ತುಂಬಿ ತಂದಿಟ್ಟೆ.

ಲೋಟವನ್ನು ಅಂಗೈ ಮೇಲೆ ಕೂರಿಸಿದ.
ಉಸಿರು ಹಿಡಿದ. ಪ್ಯಾಸೆಂಜರ್ ರೈಲೊಂದು ಬಂದು ನಿಂತಿತು.
'ಎರಡು ಕಮ್ಮಿ' ಅಂದ, ನನ್ನ ಮುಖ ನೋಡದೆ.

ತಿರುಗಿದೆ. ಕೌಂಟರಿನ ಮೇಲೆ ಇತ್ತು,
ಅಷ್ಟೇ ಅಷ್ಟು, ಚೆಲ್ಲಿದ್ದು.
'ಒಡೆದದ್ದಕ್ಕೆ ಬರಿ' ಅಂದ ಕ್ಯಾಷಿಯರ್.