ಕಾಲಂ ಒಂಬತ್ತು

ನನ್ನ ಬ್ಲಾಕಿನ ನೂರ ನಲವತ್ಮೂರು ಮನೆ ಮುಗಿಸಿ
ಕೊನೆಗೆ ನನ್ನದೇ ಮನೆಯ ಜಗಲಿ ಹತ್ತಿದೆ,
ಕೊರಳಲ್ಲಿ ಗಣತಿದಾರರ ಗುರುತಿನ ಚೀಟಿ.
'ಚಪ್ಪಲಿ ಅಲ್ಲೇ ಬಿಡಿ ಮೇಡಂ' ಅಂದ ನನ್ನ ಮಗ.

ಸಕಲೇಶಪುರದ ಈ ಓಣಿಯಲ್ಲಿ ಮೊಬೈಲಿಗೆ ಸಿಗ್ನಲ್ಲು
ಸಿಗುವುದು ಮೀಟರ್ ಬೋರ್ಡಿನ ಕೆಳಗೆ ಮಾತ್ರ.
ಅಲ್ಲೇ ಅಜ್ಜಿ, ಮೊರದ ತುಂಬ ಒಣಸಿಗಡಿ,
ತಲೆ ಮುರಿದು ಒಂದು ಕಡೆ, ಮೈ ಒಂದು ಕಡೆ.

ಹೆಸರು?
ಪಿನಾಂಗಿನಲ್ಲಿ ಸಿತಿ ಖತೀಜಾ.
ಇಲ್ಲಿ ರೇಷನ್ ಕಾರ್ಡು ಬರೆದ ಗುಮಾಸ್ತ
'ಸಿತಿ ಅಂದ್ರೇನ್ರೀ, ಸೀತೆ ಇರಬೇಕು' ಎಂದು
ದೀರ್ಘ ಎಳೆದು ಕೊಟ್ಟ.
ಅರವತ್ತು ವರ್ಷದಿಂದ ಸೀತಾ ಖತೀಜಾ
ಸೊಸೈಟಿಯಲ್ಲಿ ಸಕ್ಕರೆ ತರುತ್ತಾಳೆ.

ಜಾತಿ?
ಕಾಲಂ ಒಂಬತ್ತು. ಬೆರಳಿಟ್ಟರೆ ಪಟ್ಟಿ ಇಳಿಯುತ್ತದೆ
ಬಾವಿಗೆ ಬಿಟ್ಟ ಹಗ್ಗದ ಹಾಗೆ, ತಳ ಸಿಗದೆ.

ಅವಳ ಅಪ್ಪ ಜಾವಾದ ದೋಣಿಯವ,
ತಾಯಿಯ ತಂದೆ ನಾಗೂರಿನಿಂದ ಹೋದ ಚಾಪೆ ವ್ಯಾಪಾರಿ,
'ಕೆಲಿಂಗ್' ಎಂದು ಮಕ್ಕಳು ಕಲ್ಲೆಸೆಯುತ್ತಿದ್ದರಂತೆ.
ಶಾಲೆಗೆ ಸೇರಿಸುವ ದಿನ ಬಿಳಿಯ ದೊರೆ
ಎರಡು ಗೆರೆ ಎಳೆದು ನಡುವೆ ಬರೆದ: ಮಲಾಯ್.
ಹಾಗೆ ಒಂದು ಬೆಳಿಗ್ಗೆ, ಹತ್ತೂವರೆ ಗಂಟೆಗೆ,
ಅವಳು ಆದಳು.

ಆಮೇಲೆ ಕಾನೂನೇ ಬಂತು:
ನಡೆ, ನುಡಿ, ನಮಾಜು, ಮೂರಿದ್ದರೆ ಸಾಕು.
ತಮ್ಮ ಅಲ್ಲೇ ಉಳಿದ. ಅವನ ಮಕ್ಕಳು ಭೂಮಿಪುತ್ರರು.
ಆ ಮಾತೂ ನಮ್ಮ ಕಡೆಯಿಂದಲೇ ಹಡಗು ಹತ್ತಿ ಹೋದದ್ದು,
ಚಾಪೆ ಮಾರುವವನ ಹಾಗೆ.
ಅದನ್ನು ಮಾತ್ರ ಯಾರೂ ಕೆಲಿಂಗ್ ಅನ್ನಲಿಲ್ಲ.

ಇವಳು ಮೊಯ್ದಿನ್ ಕುಂಞಿಯ ಹಿಂದೆ
ಹಡಗು, ರೈಲು, ಕೊನೆಗೆ ಒಣಮೀನಿನ ಲಾರಿ ಹತ್ತಿ
ಘಾಟಿ ಏರಿ ಬಂದು ಬ್ಯಾರಿಯಾದಳು.
ಓಣಿಯವರು ಕರೆದದ್ದು ಮಲಾಯಿ ಕತೀಜ.
ಕೆಲವರಿಗೆ ಅದು ಮಲೆಯಾಳಿ ಎಂದು ಕೇಳಿಸಿತು,
ಹೋಟೆಲಿನ ವಾಸಣ್ಣನಿಗೆ ಹಾಲಿನ ಕೆನೆ.

ನಿನ್ನೆ ಎಸ್ಟೇಟ್ ಲೈನಿನಲ್ಲಿ ಸೊಫಿಕುಲ್ ಹೇಳಿದ,
ಕಾಫಿ ಚೀಲದ ಮೇಲೆ ಕೂತು, ಆಧಾರ್ ಕಾರ್ಡು ಎದೆಗೊತ್ತಿ:
'ಇಲ್ಲಿ ನಾವು ಅಸ್ಸಾಮಿನವರು, ಅಲ್ಲಿ ಬಾಂಗ್ಲಾದವರು.
ನೀವೇ ಏನಾದರೂ ಒಳ್ಳೆಯದು ಹಾಕಿ ಟೀಚರ್.'
ಒಳ್ಳೆಯದು ಯಾವುದೆಂದು ತರಬೇತಿಯಲ್ಲಿ ಹೇಳಿಕೊಟ್ಟಿರಲಿಲ್ಲ.

ಅಜ್ಜೀ, ಜಾತಿ ಏನು ಬರೀಲಿ?
ಸಿಗಡಿಯ ತಲೆಯೊಂದನ್ನು ಬೆಕ್ಕಿಗೆಸೆದು ಕೇಳಿದಳು:
'ಈ ಸಲ ಅವರಿಗೆ ಯಾವುದು ಬೇಕಂತೆ?'

ಸರ್ವರ್ ಬಿಜಿ ಇದೆ, ಮತ್ತೆ ಪ್ರಯತ್ನಿಸಿ, ಅಂತ ಬಂತು.
ಕಾದೆವು. ಹೊಳೆಯಾಚೆ
ಗೂಡ್ಸ್ ರೈಲು ಬೋಗಿ ಬೋಗಿಯಾಗಿ ದಾಟಿತು.

ಇನ್ನೊಂದು ಪ್ರಶ್ನೆ ಬಾಕಿ: ಮನೆಯಲ್ಲಿ ಎಷ್ಟು ಜನ?
ಬಾಗಿಲ ಬಳಿಯ ಚಪ್ಪಲಿ ಜೋಡಿಗೆ ಬೆರಳು ತೋರಿಸುತ್ತ
ಅವಳು ತಗ್ಗಿದ ದನಿಯಲ್ಲಿ ಎಣಿಸಿದಳು:
ಸತು, ದುವಾ, ತಿಗ, ಅಂಪತ್, ಲೀಮ.
ಐದು, ಎಂದು ಒತ್ತಿದೆ.
ಅದು ಮಾತ್ರ ಹೋಯಿತು, ಒಂದೇ ಸಲಕ್ಕೆ.