ಚಿಲ್ಲರೆ ಬಾಕಿ

ಹನ್ನೊಂದು ತಿಂಗಳು ಸುಮ್ಮನಿತ್ತು.
ಹಾಸನಾಂಬೆಯ ಬಾಗಿಲು ಹಾಕಿದ ಹಾಗೆ, ಅಂದುಕೊಂಡೆ;
ಒಳಗೆ ದೀಪ ಉರಿಯುತ್ತಿದೆಯೋ ಇಲ್ಲವೋ
ಹೋಗಿ ನೋಡಿದವರು ಯಾರು.
ಹನ್ನೆರಡು ತುಂಬಿದರೆ ನಿಂತಂತೆ ಲೆಕ್ಕ.
ಹನ್ನೆರಡಕ್ಕೆ ಒಂಬತ್ತು ದಿನ ಇರುವಾಗ
ಹಗರೆ ದಾಟಿ, ಬೇಲೂರು ಇನ್ನೂ ದೂರ,
ಬಾಗಿಲು ತೆರೆಯಿತು.
ಲೇಡೀಸ್ ಸೀಟಿನ ಅಜ್ಜಿ ಏನೂ ಕೇಳದೆ
ಹೆಗಲ ಟವಲ್ಲು ಕೊಟ್ಟಳು.

ಬಿಸಿಯಾದರೋ ಹೇಳಿ ಬರುವುದಿಲ್ಲ.
ಮಾಘದ ಬೆಳಗು, ಗಾಜಿನ ತುಂಬ ಮಂಜು,
ಜನ ಕಿವಿಗೆ ಮಫ್ಲರ್ ಸುತ್ತಿ ಕೂತಿದ್ದಾರೆ,
ನನ್ನ ಎದೆಯ ಕೆಳಗೆ ಯಾರೋ
ಊದುಗೊಳವೆ ಹಿಡಿದು ಊದುತ್ತಾರೆ.
ಕತ್ತು. ಕೆನ್ನೆ. ಕಿವಿಯ ತುದಿ.
ಕೈ ಬೆವರಿ ಟಿಕೆಟ್ ಮಷೀನು ಜಾರುತ್ತದೆ.
ಎಲ್ಲಿಗಮ್ಮ ಎಂದು ಕೇಳಿದ್ದನ್ನೇ ಕೇಳುತ್ತೇನೆ.
ಇಪ್ಪತ್ತೆರಡು ವರ್ಷದಿಂದ ಇದೇ ರಸ್ತೆ,
ಒಂದು ದಿನ ಹಗರೆಯ ಹೆಸರೇ ನಾಲಿಗೆಗೆ ಬರಲಿಲ್ಲ;
ವಿಷಲ್ ಕಚ್ಚಿಕೊಂಡು ನಿಂತೆ.
ಡ್ರೈವರ್ ರುದ್ರೇಶ ಕನ್ನಡಿಯಲ್ಲಿ ನೋಡಿ
"ಯಾಕಕ್ಕ, ಯಾರ ಮೇಲೆ ಸಿಟ್ಟು?" ಅಂದ.

ಸಾಲಗಾಮೆ ರಸ್ತೆಯ ಲ್ಯಾಬಿನಲ್ಲಿ
ರಕ್ತ ತೆಗೆಯುವ ಹುಡುಗಿ ಸುಹಾನಾ
ಕಡೆಯ ಮುಟ್ಟಿನ ತಾರೀಖು ಕೇಳಿದಳು,
ಹರಿದ ನೋಟು ದಾಟಿಸುವವರ ಹಾಗೆ, ಮೆಲ್ಲಗೆ.
ನಾನು ಬಸ್ಸಿನ ಗಂಟಲಲ್ಲೇ ಹೇಳಿದೆ.
ಬೆಂಚಿನ ಮೂವರು ಗಂಡಸರು
ಗೋಡೆಯ ಕ್ಯಾಲೆಂಡರು ಓದತೊಡಗಿದರು.

ಎಫ್‌ಎಸ್‌ಎಚ್. ಎಸ್ಟ್ರಡಯಾಲ್. ಥೈರಾಯ್ಡ್.
ನನ್ನೊಳಗೇ ಇದ್ದು
ನಾನೆಂದೂ ಬಸ್ಸು ನಿಲ್ಲಿಸದ ಊರುಗಳು.
ಬಿಲ್ಲು ಸಾವಿರದ ಎಂಟುನೂರ ಎಂಬತ್ತು.
ಇಪ್ಪತ್ತು ಚಿಲ್ಲರೆ ಇಲ್ಲ ಆಂಟಿ ಎಂದು
ಬಿಲ್ಲಿನ ಬೆನ್ನಿಗೆ ಬರೆದುಕೊಟ್ಟಳು, ನನಗೆ!

ನಮ್ಮವ್ವ ಆಲೂಗಡ್ಡೆ ಮಂಡಿಯಲ್ಲಿ ಆರಿಸುವ ಕೆಲಸದವಳು.
ನಲವತ್ತೆಂಟಕ್ಕೋ ಐವತ್ತಕ್ಕೋ, ಹುಟ್ಟಿದ ವರ್ಷ ಗೊತ್ತಿಲ್ಲ,
ನಡುರಾತ್ರಿ ಎದ್ದು ಒದ್ದೆ ಗೋಣಿಯ ಮೇಲೆ ಮಲಗುತ್ತಿದ್ದಳು,
ಸುಮ್ಮಸುಮ್ಮನೆ ಅಳುತ್ತಿದ್ದಳು.
ಮೈಮೇಲೆ ಏನೋ ಬಂದಿದೆ ಎಂದರು.
ಬೇವಿನ ಸೊಪ್ಪಿನಲ್ಲಿ ಹೊಡೆದರು.
ಯಾರು ನೀನು, ಯಾಕೆ ಬಂದೆ ಎಂದು
ಅವಳೊಳಗಿನದನ್ನು ಕೇಳಿದರೇ ಹೊರತು
ಅವಳನ್ನು ಕೇಳಲಿಲ್ಲ.
ಕೊನೆಗೆ ಅವ್ವ ಯಾವುದೋ ಹೆಸರು ಹೇಳಿಬಿಟ್ಟಳು,
ಪೆಟ್ಟು ನಿಲ್ಲಲಿ ಎಂದು.
ನಾನಾಗ ಒಂಬತ್ತನೇ ಕ್ಲಾಸು. ಬಾಗಿಲ ಸಂದಿ.

ಡಾಕ್ಟರಮ್ಮ ಕಾಗದ ನೋಡಿದರು.
ಒಂದು ಅಂಕಿ ಏರಿ ಕೂತಿತ್ತು, ಒಂದು ತಳ ಹಿಡಿದಿತ್ತು.
"ಇದು ಆ ಮಂಗಳವಾರ ಬೆಳಗಿನದು ಅಷ್ಟೇ,
ಈ ವಯಸ್ಸಲ್ಲಿ ವಾರಕ್ಕೊಂದು ಮಾತಾಡುತ್ತೆ.
ಥೈರಾಯ್ಡ್ ನೋಡಬೇಕಿತ್ತು, ಸರಿಯಿದೆ.
ಉಳಿದದ್ದಕ್ಕೆ ನೀವು ಹೇಳಿದ್ದೇ ರಿಪೋರ್ಟು. ಹೇಳಿ."
ಹೇಳಿದೆ.
ಹೊರಗೆ ಟೋಕನ್ ಹನ್ನೊಂದು, ಹನ್ನೆರಡು ಕಾದರು.
ಅವ್ವನದನ್ನೂ ಹೇಳಿದೆ.

ಸ್ಕ್ಯಾನಿಂಗು, ಎದೆ ಪರೀಕ್ಷೆ ಆದ ಮೇಲೆ
ತೋಳಿಗೆ ಹಚ್ಚುವ ಜೆಲ್ಲು, ರಾತ್ರಿಗೊಂದು ಗುಳಿಗೆ.
ಮೂರು ತಿಂಗಳು ನೋಡೋಣ, ಸಮತೋಲಕ್ಕೆ ಬರುತ್ತೆ ಅಂದರು.

ಸಮತೋಲ.
ನಿಂತ ಬಸ್ಸಿನಲ್ಲಿ ಯಾರಾದರೂ ನೆಟ್ಟಗೆ ನಿಲ್ಲುತ್ತಾರೆ.
ಓಡುವಾಗ ಕಂಬಿ ಹಿಡಿಯದೆ, ಮಂಡಿ ತುಸು ಸಡಿಲ ಬಿಟ್ಟು,
ತಿರುವು ಬರುವ ಮೊದಲೇ ಸೊಂಟ ವಾಲಿಸಿ
ಐವತ್ತಾರು ಜನಕ್ಕೆ ಟಿಕೆಟ್ ಕೊಟ್ಟವಳು ನಾನು.
ಈಗಿನ ತಿರುವು ಮಾತ್ರ ಹೊಸದು,
ಬೋರ್ಡಿಲ್ಲ.

ಬೆಳಗಿನ ನಾಲ್ಕೂವರೆ. ಡ್ಯೂಟಿಗೆ ಮುಂಚೆ
ಜೆಲ್ಲು ಹಚ್ಚಿ, ಆರುವವರೆಗೆ
ಎರಡೂ ತೋಳು ಚಾಚಿ ನಡುಮನೆಯಲ್ಲಿ ನಿಲ್ಲುತ್ತೇನೆ.
ಮನೆಯವರು ಅರೆಗಣ್ಣು ಬಿಟ್ಟು
"ಯಾವ ಬಸ್ಸು ನಿಲ್ಲಿಸ್ತಿದೀಯೇ?" ಅನ್ನುತ್ತಾರೆ.
ನಿಲ್ಲಿಸ್ತಿಲ್ಲ, ಮಲ್ಕೊಳ್ಳಿ.

ಬಿಲ್ಲು ಚರ್ಮದ ಚೀಲದಲ್ಲೇ ಇದೆ.
ಆ ಇಪ್ಪತ್ತು ರೂಪಾಯಿ ಬಿಡುವವಳಲ್ಲ ನಾನು.
ಭಾನುವಾರ ವೀಕ್ಲಿ ಆಫ್; ಹೋಗಿ ಕೇಳಬೇಕು.