ಅರವತ್ತಕ್ಕೆ ಬಿಡು

ಪುಂತಾ ಅರೇನಾಸಿನಲ್ಲಿ ಗಾಳಿ ಮಾರುತ್ತಿದ್ದ ನಮ್ಮಪ್ಪ.
ಜನ ನಗುತ್ತಿದ್ದರು: ಇಲ್ಲಿ ಗಾಳಿಗೇನು ಬರ?
ಬೀದಿಗೆ ಹಗ್ಗ ಕಟ್ಟಿ, ಹಿಡಿದು ನಡೆಯುವ ಊರು,
ಮರಗಳೆಲ್ಲ ಮೂಡಣಕ್ಕೆ ಬಾಗಿ ನಿಂತ ಊರು.
ಅಪ್ಪ ಅನ್ನುತ್ತಿದ್ದ: ಅದು ದಾರಿಹೋಕ ಗಾಳಿ.
ಟೈರಿಗೆ ಬೇಕಾದ್ದು ಕೂಡಿಹಾಕಿದ ಗಾಳಿ.

ಶೆಡ್ಡಿನ ಮೂಲೆಯಲ್ಲಿ ಕೆಂಪು ಕಂಪ್ರೆಸರ್,
ಮುದಿನಾಯಿಯ ಹಾಗೆ ಮೈಯೆಲ್ಲ ನಡುಗಿಸಿ
ಗುರುಗುಟ್ಟಿ, ಆಮೇಲೆ ತಟ್ಟನೆ ಸುಮ್ಮನಾಗುವುದು.
ಆ ಮೌನ ನನಗಿಷ್ಟ.
ಏನೋ ಹೇಳಲು ಬಾಯಿ ತೆರೆದು
ತಡೆದುಕೊಂಡವರ ಹಾಗೆ.

ತಮ್ಮ ಎಲಾದಿಯೋ ನಲ್ಲಿಯ ಪೈಪು ತಂದ,
ಕೆಟ್ಟ ವಾಷಿಂಗ್ ಮೆಷಿನ್ನಿನ ಕವಾಟ ಬಿಚ್ಚಿ ತಂದ.
ನಾನು ಕಾಗದ ತಂದೆ:
ದಪ್ಪ ಕಾಗದ, ನೀಲಿ ಗೀಟಿನದು.
ಎಲ್ಲಿಂದ ಅಂತ ಅವನು ಕೇಳಲಿಲ್ಲ.
ಪೈಪಿಗೆ ಸುತ್ತಿ, ಅಂಟು ಬಳಿದು, ಮೂತಿ ಚೂಪು ಮಾಡಿ
ಮೂರು ರೆಕ್ಕೆ ಹಚ್ಚಿದೆವು. ಒಂದು ಸೊಟ್ಟ.

ಮುಳ್ಳು ಇಪ್ಪತ್ತು ದಾಟಿತು, ನಲವತ್ತು ದಾಟಿತು.
ಅರವತ್ತಕ್ಕೆ ಬಿಡು, ಅಂದ ಎಲಾದಿಯೋ,
ತಾನೇ ಕಿವಿ ಮುಚ್ಚಿಕೊಂಡ.
ಟಪ್!
ಬೆಂಕಿಯಿಲ್ಲ, ಹೊಗೆಯಿಲ್ಲ,
ಇತ್ತು, ಇಲ್ಲ.
ಕತ್ತೆತ್ತಿದರೆ ಒಂದು ಚುಕ್ಕಿ.
ಕೂಡಿಹಾಕಿದ ಗಾಳಿ ಕೊಟ್ಟಷ್ಟು ಎತ್ತರ ಏರಿ
ಒಂದು ಗಳಿಗೆ ಯಾರದ್ದೂ ಅಲ್ಲದೆ ನಿಂತು,
ಆಮೇಲೆ ದಾರಿಹೋಕನ ಕೈಗೆ ಸಿಕ್ಕಿ
ತಗಡಿನ ಮಾಡುಗಳ ಮೇಲಿಂದ ಜಲಸಂಧಿಯತ್ತ.

ಸಂಜೆ ಅಪ್ಪ ಉದ್ದರಿ ಪುಸ್ತಕ ತೆರೆದ.
ಹರಿದ ಅಂಚನ್ನು ಹೆಬ್ಬೆರಳಲ್ಲಿ ಸವರಿದ.
ಬಯ್ಯಲಿಲ್ಲ. ಯಾರ ಪುಟ? ಅಂತ ಮಾತ್ರ ಕೇಳಿದ.
ಮಾನ್ಸಿಯಾ ಅವರದು, ಅಂದೆ.
ಒಂಬತ್ತು ವರ್ಷದಿಂದ ಬರೀ ಗಾಳಿಮಾತಲ್ಲೇ ತೀರಿಸುತ್ತಿದ್ದ,
ಸರಿ, ಗಾಳಿಗೇ ಹೋಯಿತು.
ನಕ್ಕನೋ ಕೆಮ್ಮಿದನೋ ತಿಳಿಯಲಿಲ್ಲ.

ಮೂರನೆಯ ದಿನ ಮಾನ್ಸಿಯಾ ತಾನೇ ಬಂದ.
ಮೀನು ನಾರುವ ಸ್ವೆಟರಿನೊಳಗಿಂದ
ಸೊಟ್ಟ ರೆಕ್ಕೆಯ ರಾಕೆಟ್ ತೆಗೆದ.
ನನ್ನ ದೋಣಿಗೆ ಬಂದು ಬಿತ್ತು, ಎವಾರಿಸ್ತೋ.
ಇಷ್ಟು ದೂರ ಬಿಲ್ಲು ಕಳಿಸುವವನನ್ನು ನಾನು ಕಂಡಿಲ್ಲ.
ಆದರೆ ಲೆಕ್ಕ ತಪ್ಪು. ಹಿಂದಿನ ಚಕ್ರವನ್ನು
ಎರಡು ಸಲ ಬರೆದಿದ್ದೀಯ.

ಇಬ್ಬರೂ ಬೆಂಚಿನ ಮೇಲೆ ಸುರುಳಿ ಬಿಚ್ಚಿ
ಅಂಟು ಹಿಡಿದ ಅಂಕಿಗಳನ್ನು ಉಗುರಿಂದ ಕೆರೆದು
ಕತ್ತಲಾಗುವವರೆಗೆ ಜಗಳವಾಡಿದರು.
ಹಿಂದೆ ಕಂಪ್ರೆಸರ್ ಗುರುಗುಟ್ಟಿತು. ಸುಮ್ಮನಾಯಿತು.
ನಾನೂ ಎಲಾದಿಯೋನೂ ಬಾಗಿಲ ಸಂದಿಯಿಂದ ನೋಡಿದೆವು.
ಪುಸ್ತಕ ಅಲ್ಲೇ ತೆರೆದಿತ್ತು,
ಇನ್ನೂ ಬೇಕಾದಷ್ಟು ಪುಟಗಳಿದ್ದವು.